ಹೆಸರು, ನಂಬರ್ ಕೇಳುವವರಿಗೆ

ಪ್ರಶ್ನೆ ಇದು: “ನಿಮ್ಮ ಅಣ್ಣನಿಗೆ ಕುಡಿತ ಬಿಡಿಸಿದ ಡಾಕ್ಟರ್ ಯಾರು? ನಮ್ಮ ಪರಿಚಯದವರೊಬ್ಬರಿಗೆ ಬೇಕಾಗಿತ್ತು. ಹೆಸರು, ನಂಬರ್ ಇದ್ದರೆ ಕೊಡಿ.”

ಮದುವೆ ಮನೆಯಲ್ಲಿ ಕೇಳುತ್ತಾರೆ. ತೀರ್ಥಹಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೈ ಹಿಡಿದು ನಿಲ್ಲಿಸಿ ಕೇಳುತ್ತಾರೆ. ಅಣ್ಣ ಕುಡಿತ ಬಿಟ್ಟು ವರ್ಷಗಳಾಗಿವೆ, ಇದನ್ನೆಲ್ಲ ಬರೆಯಲು ಅವನು ಒಪ್ಪಿದ್ದಾನೆ. ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳುಹಿಸುತ್ತೇನೆ.

ಆ ‘ಪರಿಚಯದವರೊಬ್ಬರು’ ನಿಮ್ಮ ಗಂಡನೋ ಮಗನೋ ತಮ್ಮನೋ ಆಗಿರುತ್ತಾರೆ, ಅಥವಾ ನೀವೇ. ನನಗೆ ಹೇಳಬೇಕಾದ ಅಗತ್ಯವಿಲ್ಲ. ಆದರೆ ಯಾರಿಗಾಗಿ ಕೇಳುತ್ತಿದ್ದೀರೋ ಅವರಿಗೆ ನೀವು ಕೇಳುತ್ತಿರುವ ವಿಷಯ ಗೊತ್ತಿದೆಯೇ? ಹೆಚ್ಚಿನ ಸಲ ಗೊತ್ತಿರುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಕೊಪ್ಪದ ಕಡೆಯ ಒಂದು ಮದುವೆಯಲ್ಲಿ ಹತ್ತಿರದ ಬಂಧುವೊಬ್ಬರು ನನ್ನನ್ನು ಅಡುಗೆಮನೆಯ ಹಿಂಬದಿಗೆ ಕರೆದೊಯ್ದರು. ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದರು. ಒಳಗೆ ಬೂದು ಬಣ್ಣದ ಪುಡಿ. ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತು ನೋಡಿ ತರಿಸಿಕೊಂಡದ್ದಂತೆ. “ಮಗನಿಗೆ ಗೊತ್ತಾಗಬಾರದು ಕಣೇ, ಸಾರಿಗೆ ಹಾಕಿಬಿಡುತ್ತೇನೆ. ಇದು ಒಳ್ಳೆಯದೋ, ನಿನ್ನ ಅಣ್ಣನ ಡಾಕ್ಟರ್ ಕೊಡುವುದು ಒಳ್ಳೆಯದೋ?” ಎಂದರು. ಮದುವೆ ಮನೆಯೆಂದು ನೋಡದೆ ಅವರ ಕೈಯಿಂದ ಪೊಟ್ಟಣ ಕಿತ್ತುಕೊಂಡು ಒಲೆಗೆ ಹಾಕಿದೆ. ಅವರು ಈಗಲೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ಬೇಸರವಿದೆ, ಆದರೆ ನಾಳೆ ಇನ್ನೊಬ್ಬರು ಪೊಟ್ಟಣ ತೋರಿಸಿದರೂ ಅದನ್ನೇ ಮಾಡುತ್ತೇನೆ.

ಏಕೆಂದರೆ ಅಂಥ ಪುಡಿಗಳಲ್ಲಿ ಏನಿದೆ ಎಂಬುದಕ್ಕೆ ಯಾರೂ ಹೊಣೆ ಇಲ್ಲ. ಡೈಸಲ್ಫಿರಾಮ್ ಎಂಬ ಔಷಧಿ ಇದೆ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದವರ ಜೀವಕ್ಕೇ ಸಂಚಕಾರ. ವೈದ್ಯರು ಪರೀಕ್ಷೆ ಮಾಡಿ, ರೋಗಿಗೆ ಎಲ್ಲವನ್ನೂ ತಿಳಿಸಿ, ಅವರ ಒಪ್ಪಿಗೆಯಿಂದ ಕೊಡುವ ಔಷಧಿ ಅದು. ಗುಟ್ಟಾಗಿ ಸಾರಿಗೆ ಬೆರೆಸುವುದು ಚಿಕಿತ್ಸೆಯಲ್ಲ, ವಿಷಪ್ರಾಶನ. ಕುಡಿತದ ಬಯಕೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಮಾತ್ರೆಗಳೂ ಇವೆ. ಅವನ್ನೂ ವೈದ್ಯರೇ ಬರೆದುಕೊಡಬೇಕು.

ಇನ್ನೊಂದು ವರ್ಗದವರು, “ನಾಲ್ಕು ದಿನ ಕೋಣೆಯಲ್ಲಿ ಕೂಡಿ ಹಾಕಿದರೆ ತಾನಾಗಿಯೇ ಬಿಡುತ್ತಾನೆ” ಎನ್ನುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಮೈಯೆಲ್ಲ ನಡುಗಿ, ಇಲ್ಲದ್ದು ಕಂಡು, ಎಲ್ಲಿದ್ದೇನೆಂಬ ಅರಿವೇ ತಪ್ಪುತ್ತದೆ. ಮನೆಯವರು ಅದನ್ನು ಭೂತದ ಕಾಟ ಎಂದುಕೊಳ್ಳುತ್ತಾರೆ. ಸಾವೂ ಆಗಬಹುದಾದ ಸ್ಥಿತಿ ಅದು. ಆಸ್ಪತ್ರೆಯಲ್ಲಿದ್ದರೆ ನಡುಕ ಇಳಿಸುವ ಮಾತ್ರೆಗಳನ್ನೂ ಥಯಮಿನ್ ಜೀವಸತ್ವವನ್ನೂ ಕೊಟ್ಟು ಸುರಕ್ಷಿತವಾಗಿ ದಾಟಿಸುತ್ತಾರೆ. ಹಾಗಾಗಿ ಮಾತಿನ ಚಿಕಿತ್ಸೆ ಕೊಡುವ ಥೆರಪಿಸ್ಟ್ ಯಾರು ಎಂಬುದು ಎರಡನೆಯ ಪ್ರಶ್ನೆ. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆಯೇ ಎಂಬುದು ಮೊದಲನೆಯದು. ನಡುಗುತ್ತಿದ್ದರೆ ಮೊದಲು ಮನೋವೈದ್ಯರ ಬಳಿ ಹೋಗಿ.

ಯಾರು ಯಾರು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಇರಬೇಕು. ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿರುತ್ತಾರೆ, ಮನೆಯವರೊಡನೆ ಕೂತು ಕೆಲಸ ಮಾಡುವುದರಲ್ಲಿ ಅವರು ಪಳಗಿದವರು. ‘ಕೌನ್ಸೆಲರ್’ ಎಂಬ ಬೋರ್ಡನ್ನು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಓದು ಏನು, ನೋಂದಣಿ ಸಂಖ್ಯೆ ಏನು ಎಂದು ಕೇಳಿ. ಅದಕ್ಕೆ ಮುನಿಸಿಕೊಳ್ಳುವವರ ಮುಂದೆ ಕೂರುವ ಅಗತ್ಯವಿಲ್ಲ.

“ನಮ್ಮ ಕಡೆಯವರು ಯಾರೂ ಸಿಗದ ಊರಿನಲ್ಲಿದ್ದರೆ ಒಳ್ಳೆಯದಿತ್ತು” ಎಂಬ ಮಾತೂ ಪ್ರಶ್ನೆಯ ಬಾಲದಲ್ಲಿ ಬರುತ್ತದೆ. ಅರ್ಥವಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದ ಮುಂದೆ ಹತ್ತು ನಿಮಿಷ ನಿಂತರೆ ಪರಿಚಯದವರೊಬ್ಬರು ಎದುರಾಗುತ್ತಾರೆ, ಸಂಜೆಯೊಳಗೆ ಸುದ್ದಿ ಹೊಸನಗರ ಮುಟ್ಟಿರುತ್ತದೆ. ಅದಕ್ಕೆ ಹೆದರಿ ಆಗುಂಬೆ ಘಾಟಿ ಇಳಿದು ಕರಾವಳಿಗೋ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಹೋಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ, ತೊಡಕಿನ ಸಮಸ್ಯೆಗೆ ಹೋಗಲೇಬೇಕಾದ ಜಾಗ. ಆದರೆ ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಜುಲೈ ಮಳೆಯಲ್ಲಿ, ಗದ್ದೆ ನಾಟಿಯ ಹೊತ್ತಿನಲ್ಲಿ ಎಷ್ಟು ಸಲ ಘಾಟಿ ಇಳಿಯುತ್ತೀರಿ? ಮೂರನೆಯ ಭೇಟಿ ತಪ್ಪುತ್ತದೆ, ನಾಲ್ಕನೆಯದಕ್ಕೆ ನಾಚಿಕೆಯಾಗುತ್ತದೆ, ಅಲ್ಲಿಗೆ ಮುಗಿಯಿತು. ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆ ರಾಜ್ಯದಲ್ಲಿದೆ, ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಮನೆ ಬಿಟ್ಟು ಹೊರಡಲು ಧೈರ್ಯವಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ. ಮನೋವೈದ್ಯ ಡಾ. ಅಶೋಕ್ ಪೈ ಅವರು ಶಿವಮೊಗ್ಗದಲ್ಲಿದ್ದುಕೊಂಡೇ ದಶಕಗಳ ಕಾಲ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದರು, ಮಾತನಾಡಿದರು. ಅಂಥ ಊರಿನವರು ಇನ್ನೂ ತಲೆ ತಗ್ಗಿಸಿಕೊಂಡು ಊರು ಬಿಟ್ಟು ಹೋಗುವುದು ನನಗೆ ನೋವಿನ ವಿಷಯ.

ರಾತ್ರಿ ವ್ಯಾನ್ ಕಳುಹಿಸಿ ಎತ್ತಿಕೊಂಡು ಹೋಗುವ ಕೇಂದ್ರಗಳ ಬಗ್ಗೆಯೂ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಸರಪಳಿಯಲ್ಲಿ ಕಟ್ಟುವುದನ್ನು ಅದು ನಿಷೇಧಿಸಿದೆ, ರೋಗಿಯ ವಿವರ ಗೋಪ್ಯವಾಗಿರಬೇಕೆಂದಿದೆ, ಇಷ್ಟವಿಲ್ಲದವರನ್ನು ದಾಖಲಿಸಲು ಕಟ್ಟುನಿಟ್ಟಿನ ಕ್ರಮ ವಿಧಿಸಿದೆ. ನೋಂದಣಿ ಇಲ್ಲದ, ಮನೆಯವರನ್ನು ಒಳಗೆ ಬಿಡದ ಜಾಗಕ್ಕೆ ನಿಮ್ಮ ಮಗನನ್ನು ಒಪ್ಪಿಸಬೇಡಿ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರದಿಂದ ಬದುಕು ಮರಳಿ ಪಡೆದವರು ನಮ್ಮ ಸುತ್ತಮುತ್ತ ಇದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಶಿಬಿರ ಎಂಟು ದಿನ. ಒಂಬತ್ತನೆಯ ದಿನ ಬರುತ್ತದೆಂದು ಸಂಘಟಕರಿಗೂ ಗೊತ್ತು, ಅದಕ್ಕೇ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳನ್ನು ಮಾಡಿದ್ದಾರೆ. ಗೊತ್ತಿಲ್ಲದಿರುವುದು ಹಾರ ಹಾಕಿ ಮನೆಗೆ ಕರೆತಂದು “ಇನ್ನು ಮುಗಿಯಿತು” ಎನ್ನುವ ನಮಗೆ.

ಹೆಸರು ಕೇಳುವ ಬದಲು ನೀವು ನನ್ನನ್ನು ಒಂದು ವಿಷಯ ಕೇಳಬಹುದಿತ್ತು: ಮೊದಲ ದಿನ ಅವರು ನಿಮ್ಮ ಅಣ್ಣನನ್ನು ಏನು ಕೇಳಿದರು? ಇದನ್ನು ಒಬ್ಬರೂ ಕೇಳಿಲ್ಲ.

ಮೊದಲು ಹೋಗಿದ್ದ ಕಡೆ ಆ ವ್ಯಕ್ತಿ ಅಣ್ಣನನ್ನು ಏನೂ ಕೇಳಲಿಲ್ಲ. ನನ್ನೊಡನೆ, ಅತ್ತಿಗೆಯೊಡನೆ ಮಾತನಾಡಿದರು. ಅಣ್ಣ ಅಲ್ಲೇ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕೊನೆಗೆ ಅವನತ್ತ ತಿರುಗಿ, “ಮಕ್ಕಳ ಮುಖ ನೋಡಿಯಾದರೂ ಬಿಡಬಾರದೇ?” ಎಂದರು. ದೇವರ ಪಟದ ಮುಂದೆ ಪ್ರಮಾಣ ಮಾಡಿಸಿದರು. ಆ ಪ್ರಮಾಣ ಶಿವಮೊಗ್ಗದ ಗಡಿ ದಾಟಲಿಲ್ಲ.

ಆಮೇಲೆ ಸಿಕ್ಕವರು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್. ನಮ್ಮನ್ನು ಹೊರಗೆ ಕೂರಿಸುವ ಮೊದಲು ಅಣ್ಣನನ್ನು ಅವರು ಕೇಳಿದ್ದು: “ನಿಮ್ಮಲ್ಲಿ ಅಡಿಕೆ ಕೊನೆ ಕೊಯ್ಲು ಯಾವಾಗ ಶುರು?” ನೆಲ ನೋಡುತ್ತಿದ್ದ ಅಣ್ಣ ತಲೆ ಎತ್ತಿದ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರರಿಗೆ ಬಾಟಲಿ ತರುವವರು ಯಾರು, ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಎಷ್ಟು ಹೊತ್ತಿನವರೆಗೆ ಎದ್ದಿರುತ್ತೀರಿ, ಮಂಡಿಗೆ ಅಡಿಕೆ ಹಾಕಿದ ದಿನ ದುಡ್ಡು ಕೈಗೆ ಬರುತ್ತದೆಯೋ ಬ್ಯಾಂಕಿಗೋ ಎಂದೆಲ್ಲ ಕೇಳಿದರಂತೆ. ಅವನಿಗೆ ಎಲ್ಲಕ್ಕಿಂತ ಕಷ್ಟದ ದಿನಗಳು ಯಾವುವೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನಗಳು. ಬೆಳಗಿನಿಂದ ಮಳೆಯಲ್ಲಿ ನೆನೆದು, ಮೈಲುತುತ್ತದ ನೀಲಿ ಉಗುರುಸಂದಿಯಲ್ಲಿ ಕೂತು, ಸಂಜೆ ಚಳಿಗೆ ಹಲ್ಲು ಕಟಕಟ ಎನ್ನುವಾಗ ಕೆಲಸದವರ ಜೊತೆ ಶುರುವಾಗುತ್ತಿದ್ದ ಒಂದು ಲೋಟ. ಆಳುಗಳಿಗೆ ಬಾಟಲಿಯ ಬದಲು ಕೂಲಿ ಹೆಚ್ಚಿಸುವುದು, ಔಷಧಿ ಹೊಡೆದ ದಿನ ಐದು ಗಂಟೆಗೇ ಬಚ್ಚಲ ಹಂಡೆಯ ನೀರು ಕಾದಿರುವುದು, ಮಂಡಿಗೆ ಅತ್ತಿಗೆಯೂ ಹೋಗುವುದು, ಇವೆಲ್ಲ ಅಣ್ಣನೇ ಮಾಡಿಕೊಂಡ ಏರ್ಪಾಡುಗಳು. ಅವರು ಕೇಳುತ್ತ ಹೋದರು, ಅಷ್ಟೇ.

ಇದು ಅವರೊಬ್ಬರ ಒಳ್ಳೆಯತನ ಮಾತ್ರವಲ್ಲ, ಕಲಿತು ಮಾಡುವ ಕೆಲಸ. ಬೈದು ವಾದಿಸಿದಷ್ಟೂ ವ್ಯಸನಿ ತನ್ನ ಕುಡಿತವನ್ನೇ ಸಮರ್ಥಿಸಿಕೊಳ್ಳುತ್ತಾನೆ, ಬಿಡಲು ಕಾರಣಗಳು ಅವನ ಬಾಯಿಂದಲೇ ಬರಬೇಕು ಎಂಬ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟರು. ಒಮ್ಮೆ ಜಾರುವುದು ಪೂರ್ತಿ ಬೀಳುವುದಲ್ಲ, ಯಾವ ಗಳಿಗೆಯಲ್ಲಿ ಜಾರಿದೆ ಎಂದು ಕೂತು ನೋಡಬೇಕು ಎಂಬುದನ್ನು ಅಲ್ಲಿಯದೇ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ವಿವರವಾಗಿ ತೋರಿಸಿಕೊಟ್ಟರು.

ಅಣ್ಣನೂ ಜಾರಿದ್ದ. ಒಂದು ದೀಪಾವಳಿಯ ರಾತ್ರಿ ಕುಡಿದು ಬಂದ. ಅತ್ತಿಗೆ ಅತ್ತರು, ನಾನು ಕೂಗಾಡಿದೆ. ಬೆಳಿಗ್ಗೆ ಅವನು ಯಾರಿಗೂ ಹೇಳದೆ ಜಗಲಿಯ ಮೂಲೆಯಲ್ಲಿ ನಿಂತು ಆ ಸೈಕಾಲಜಿಸ್ಟ್ ಅವರಿಗೆ ಫೋನ್ ಮಾಡಿದ. ಅವರು ಕೇಳಿದ್ದು ತಿಂಡಿ ತಿಂದಿರಾ ಎಂದು. ಮರುದಿನ ಬರಲು ಹೇಳಿದರು, ಹೋದ. ಕುಡಿದ ಮರುದಿನ ಹೋಗಲು ಅವನಿಗೆ ಒಂದು ಬಾಗಿಲಿತ್ತು. ನೀವು ಹುಡುಕುತ್ತಿರುವವರು ಸಿಕ್ಕಿದ್ದಾರೋ ಇಲ್ಲವೋ ಎಂದು ನೋಡಲು ನನಗೆ ತಿಳಿದಿರುವ ಪರೀಕ್ಷೆ ಇದೊಂದೇ: ಕುಡಿದ ಮರುದಿನ ಅವರಿಗೆ ಫೋನ್ ಮಾಡಲು ನಿಮ್ಮವರಿಗೆ ಮನಸ್ಸಾಗುತ್ತದೆಯೇ?

ಹೆಸರು ಇನ್ನೂ ಬೇಕೆಂದರೆ ಅಣ್ಣ ಹೇಳುತ್ತಾನೆ, ಅವನಿಗೆ ಮುಚ್ಚುಮರೆಯಿಲ್ಲ. ತೋಟದಿಂದ ಸಂಜೆ ಮನೆಗೆ ಬಂದಿರುತ್ತಾನೆ. ಆದರೆ ಕುಡಿಯುವವರು ಯಾರೋ ಅವರೇ ಬಂದು ಕೇಳಬೇಕು. ಅವರ ಅಮ್ಮನಿಗೂ ಹೆಂಡತಿಗೂ ಅವನು ನಂಬರ್ ಕೊಡುವುದಿಲ್ಲ, ಕಾಫಿ ಕೊಟ್ಟು ಕಳುಹಿಸುತ್ತಾನೆ.