ವೆನಿಸ್‌ಗೆ ಎಷ್ಟು ರಾತ್ರಿ?

ಪಕ್ಕದ ಮನೆಯವರು ಹೋದ ವರ್ಷ ಟೂರ್ ಕಂಪನಿಯ ಜೊತೆ ಯೂರೋಪ್ ನೋಡಿ ಬಂದರು. ಬೆಳಿಗ್ಗೆ ಬೇಗ ಬಸ್ಸು, ರಾತ್ರಿ ಊರಾಚೆಯ ಹೋಟೆಲ್ಲು, ಊಟಕ್ಕೆ ಪನೀರು. ಅವರಂತೂ ಖುಷಿಯಾಗಿಯೇ ಇದ್ದರು. ಆದರೆ ಫೋಟೋ ತೋರಿಸುವಾಗ ‘ಇದು ಯಾವ ಊರು?’ ಅಂತ ಅಪ್ಪ ಕೇಳಿದ್ದಕ್ಕೆ ಗಂಡ ಒಂದು ಹೆಸರು ಹೇಳಿದರು, ಹೆಂಡತಿ ಇನ್ನೊಂದು. ಮನೆಗೆ ಬಂದವರೇ ಅಪ್ಪ ‘ನಾವು ನಾವೇ ಹೋಗೋಣ, ರೈಲಲ್ಲಿ’ ಅಂದುಬಿಟ್ಟರು.

ಅಪ್ಪ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ಅಮ್ಮನಿಗೆ ಮಂಡಿ ನೋವು. ನನಗೆ ಆಫೀಸಿನಲ್ಲಿ ಎರಡು ವಾರಕ್ಕಿಂತ ಜಾಸ್ತಿ ರಜೆ ಸಿಗುವುದಿಲ್ಲ. ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು ಅನ್ನುವುದನ್ನು ಕೊನೆಗೆ ತೀರ್ಮಾನ ಮಾಡಿದ್ದು ಈ ಮೂರೇ.

ಒಂದು ಭಾನುವಾರ ತಿಂಡಿ ಮುಗಿಸಿ ಮೈಸೂರಿನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಅಪ್ಪ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಊರುಗಳ ಪಟ್ಟಿ ಬರೆದರು. ಲಂಡನ್, ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಸ್ವಿಟ್ಜರ್‌ಲೆಂಡ್, ಪ್ರಾಗ್, ವಿಯೆನ್ನಾ, ವೆನಿಸ್, ಫ್ಲಾರೆನ್ಸ್, ರೋಮ್. ಪಟ್ಟಿಯಿಂದ ಮೊದಲು ಬಿಟ್ಟು ಹೋಗಿದ್ದು ಲಂಡನ್. ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ದೇಶಗಳ ಒಕ್ಕೂಟದಲ್ಲಿ ಬ್ರಿಟನ್ ಇಲ್ಲ, ಅದಕ್ಕೆ ಬೇರೆ ವೀಸಾ, ಬೇರೆ ಫೀಸು. ಅಲ್ಲಿ ಚಿಕ್ಕಮ್ಮನ ಮಗಳು ಇದ್ದಾಳಲ್ಲ ಅಂತ ಅಮ್ಮನಿಗೆ ಸ್ವಲ್ಪ ಬೇಜಾರಾಯಿತು. ಪ್ರಾಗ್, ವಿಯೆನ್ನಾ ಒಳ್ಳೇ ಜೋಡಿ, ನಡುವೆ ರೈಲಿನಲ್ಲಿ ನಾಲ್ಕೇ ಗಂಟೆ. ಆದರೆ ನಮ್ಮ ದಾರಿಯಿಂದ ಪೂರ್ವಕ್ಕೆ ದೂರ ಹೋಗುತ್ತದೆ. ಅವನ್ನೂ ಹೊಡೆದು ಹಾಕಿದೆ. ಆಮ್‌ಸ್ಟರ್‌ಡ್ಯಾಮ್ ಮೇಲೆ ಗೀಟು ಎಳೆಯಲು ಅಪ್ಪ ಬಿಡಲೇ ಇಲ್ಲ. ಕೊನೆಗೆ ಅವರೇ ಎಳೆದರು.

ಉಳಿದಿದ್ದಕ್ಕೆ ದಿನ ಹಂಚುವಾಗ ಇನ್ನೊಂದು ಸಂಗತಿ ಹೊಳೆಯಿತು. ದಿನಗಳ ಲೆಕ್ಕ ಸುಮ್ನೆ ಮೋಸ. ಒಂದೂರು ಬಿಟ್ಟು ಇನ್ನೊಂದೂರಿಗೆ ಹೋಗುವ ದಿನ ಹನ್ನೊಂದು ಗಂಟೆಯೊಳಗೆ ರೂಮು ಖಾಲಿ ಮಾಡಬೇಕು, ಹೊಸ ಊರಿನಲ್ಲಿ ಮೂರು ಗಂಟೆಗೆ ಮುಂಚೆ ರೂಮು ಕೊಡುವುದಿಲ್ಲ. ಮಧ್ಯದಲ್ಲಿ ಪೆಟ್ಟಿಗೆ ಎಳೆದುಕೊಂಡು ಏನು ನೋಡುತ್ತೀರಿ? ಹಾಗಾಗಿ ರಾತ್ರಿಗಳನ್ನು ಎಣಿಸತೊಡಗಿದೆ. ಪ್ಯಾರಿಸ್‌ಗೆ ಐದು, ಸ್ವಿಟ್ಜರ್‌ಲೆಂಡಿನ ಲುಜರ್ನ್‌ಗೆ ಮೂರು, ಫ್ಲಾರೆನ್ಸ್‌ಗೆ ಎರಡು, ರೋಮ್‌ಗೆ ಮೂರು. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನ ಇದೆ. ವಾಪಸ್ ಮಾತ್ರ ರೋಮ್‌ನಿಂದ. ಹೋಗಿ ಬರುವ ಟಿಕೆಟ್ಟಿಗೂ ಇದಕ್ಕೂ ದರದಲ್ಲಿ ಅಂಥಾ ವ್ಯತ್ಯಾಸ ಇರಲಿಲ್ಲ. ವಿಮಾನಕ್ಕೋಸ್ಕರ ಮತ್ತೆ ಪ್ಯಾರಿಸ್‌ವರೆಗೆ ಹಿಂದೆ ಬರುವ ಕೆಲಸ ತಪ್ಪಿತು.

‘ವೆನಿಸ್?’ ಅಂದರು ಅಮ್ಮ. ಅಷ್ಟು ಹೊತ್ತು ಸೊಪ್ಪು ಬಿಡಿಸುತ್ತಾ ಸುಮ್ಮನಿದ್ದವರು.

ವೆನಿಸ್‌ಗೆ ಒಂದು ರಾತ್ರಿ ಬೇಕು, ಅದನ್ನು ಪ್ಯಾರಿಸ್‌ನಿಂದ ಕಿತ್ತುಕೊಳ್ಳಬೇಕು. ಸಣ್ಣ ಬದಲಾವಣೆ ಅಲ್ವಾ? ಅಲ್ಲ. ಷೆಂಗೆನ್ ವೀಸಾ 29 ದೇಶಗಳಿಗೆ ಒಂದೇ ಆದರೂ ಅರ್ಜಿ ಹಾಕುವುದು ಒಂದು ದೇಶಕ್ಕೆ. ಜಾಸ್ತಿ ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ. ಎರಡು ದೇಶ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಮೊದಲಿನ ಲೆಕ್ಕದಲ್ಲಿ ಫ್ರಾನ್ಸ್ ಐದು, ಇಟಲಿ ಐದು. ಇಳಿಯುವುದು ಪ್ಯಾರಿಸ್‌ನಲ್ಲಿ, ಹಾಗಾಗಿ ಅರ್ಜಿ ಫ್ರಾನ್ಸಿಗೆ. ಅಮ್ಮ ವೆನಿಸ್ ಅಂದ ಕೂಡಲೇ ಫ್ರಾನ್ಸ್ ನಾಲ್ಕು, ಇಟಲಿ ಆರು ಆಯಿತು. ಅರ್ಜಿ ಇಟಲಿಗೆ ಹೋಯಿತು. ಕಾಗದಪತ್ರಗಳ ಪಟ್ಟಿ ಬೇರೆ, ಅಪಾಯಿಂಟ್‌ಮೆಂಟಿನ ಸರತಿಯೂ ಬೇರೆ.

ಪರಿಚಯದವರೊಬ್ಬರಿಗೆ ಫೋನ್ ಮಾಡಿದರೆ ‘ಅಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ, ಯಾವ ದೇಶದ ಡೇಟ್ ಬೇಗ ಸಿಗತ್ತೋ ಅಲ್ಲಿ ಒಂದು ವಾರ ಹೋಟೆಲ್ ಬುಕ್ ಮಾಡಿ ತೋರಿಸಿ, ಆಮೇಲೆ ಕ್ಯಾನ್ಸಲ್ ಮಾಡಿ’ ಅಂದರು. ಸ್ಪೀಕರಿನಲ್ಲಿ ಕೇಳುತ್ತಿದ್ದ ಅಪ್ಪನ ಮುಖ ಗಂಟಾಯಿತು. ‘ಟಿಕೆಟ್ ಒಂದೂರಿಗೆ, ಇಳಿಯೋದು ಇನ್ನೊಂದೂರಲ್ಲಾ? ಆಗಲ್ಲ.’ ಟಿಕೆಟ್ ಇಲ್ಲದವರನ್ನು ಹಿಡಿದು ಹಿಡಿದು ಬಂದ ಧ್ವನಿ ಅದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಹಾಕಬಹುದು. ನಮಗೆ ಬೇಕಾದಷ್ಟು ಸಮಯ ಇತ್ತು. ಮೋಸ ಮಾಡುವ ಅಗತ್ಯವೂ ಇರಲಿಲ್ಲ ಅನ್ನಿ.

ವೆನಿಸ್ ವಿಷಯದಲ್ಲಿ ಅಮ್ಮ ಇನ್ನೊಂದು ಪ್ರಶ್ನೆ ಕೇಳಿದರು. ‘ಅಲ್ಲಿ ರಸ್ತೆ ಇಲ್ಲ ಅಂತೀಯಲ್ಲ, ಬ್ಯಾಗ್ ಯಾರು ಎತ್ತೋದು?’ ಸರಿಯಾದ ಮಾತು. ವೆನಿಸ್‌ನ ಸೇತುವೆಗಳಲ್ಲಿ ಹೆಚ್ಚಿನವಕ್ಕೆ ಮೆಟ್ಟಿಲು. ಆಟೋ ಇಲ್ಲ, ಕಾರಿಲ್ಲ. ದೋಣಿ ಇಳಿದ ಮೇಲೆ ನಡೆಯಲೇಬೇಕು. ನಾನು ನೋಡಿಟ್ಟಿದ್ದ ಕಾಲುವೆ ಪಕ್ಕದ ಚೆಂದದ ರೂಮಿಗೆ ಲಿಫ್ಟೂ ಇರಲಿಲ್ಲ. ಅದನ್ನು ಬಿಟ್ಟು ದಡದ ಮೇಲಿನ ಮೆಸ್ತ್ರೆಯಲ್ಲಿ, ಸ್ಟೇಷನ್ ಎದುರಿಗೇ ಲಿಫ್ಟ್ ಇರುವ ಹೋಟೆಲ್ ಹಿಡಿದೆ. ಅಲ್ಲಿಂದ ನೀರಿನ ಮೇಲಿನ ಸೇತುವೆ ದಾಟಿ ರೈಲು ಹತ್ತು ನಿಮಿಷಕ್ಕೆ ವೆನಿಸ್ ಮುಟ್ಟಿಸುತ್ತದೆ. ಬೇರೆ ಊರುಗಳಲ್ಲೂ ಅಮ್ಮನ ಮಂಡಿಯೇ ನಮ್ಮ ಹೋಟೆಲ್ ಆರಿಸಿತು.

ಮುಚ್ಚುವ ದಿನಗಳ ಕಾಟ ಬೇರೆ. ಏಪ್ರಿಲ್ 28ರ ಮಂಗಳವಾರ ಬೆಳಿಗ್ಗೆ ಪ್ಯಾರಿಸ್‌ನಲ್ಲಿ ಇಳಿಯುತ್ತೇವೆ. ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ಮೇ 1ಕ್ಕೂ ರಜೆ. ಅದನ್ನು ಕೇಳಿ ಹಳೇ ಯೂನಿಯನ್ ಮನುಷ್ಯ ಅಪ್ಪ ‘ಭೇಷ್’ ಅಂದರು. ಹೀಗೆ ಲೂವ್ರ್ ಬುಧವಾರಕ್ಕೆ ಬಂತು. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಬೇರೆ ಭಾನುವಾರ ತೆಗೆಯುವುದಿಲ್ಲ, ಅದು ಶನಿವಾರಕ್ಕೆ.

ರೈಲುಗಳನ್ನು ಅಪ್ಪನಿಗೇ ಬಿಟ್ಟೆ. ಯೂರೋಪಿನವರಲ್ಲದವರಿಗೆ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಯೂರೇಲ್ ಪಾಸ್ ಅಂತ ಇದೆ. ಪಾಸ್ ಇದ್ದರೂ ಫ್ರಾನ್ಸ್, ಇಟಲಿಯ ವೇಗದ ಗಾಡಿಗಳಲ್ಲಿ ಸೀಟಿಗೆ ಬೇರೆ ದುಡ್ಡು ಕೊಡಬೇಕು. ಅಪ್ಪ ಕೂಡಿಸಿ, ಕಳೆದು ನೋಡಿದರು. ನಮ್ಮ ನಾಲ್ಕಾರು ಪ್ರಯಾಣಕ್ಕೆ ಬಿಡಿ ಟಿಕೆಟ್ಟೇ ಅಗ್ಗ, ಆದರೆ ಮುಂಚೆಯೇ ತೆಗೆಯಬೇಕು. ‘ರೈಲಿಗೂ ವಿಮಾನದ ಹಾಗೆ ದರ ಏರತ್ತಾ?’ ಅಂತ ಅವರಿಗೆ ಸಿಟ್ಟು ಬಂತು. ಪ್ಯಾರಿಸ್‌ನಿಂದ ಬಾಸೆಲ್‌ಗೆ ಹೋಗಿ, ಅಲ್ಲಿ ಗಾಡಿ ಬದಲಾಯಿಸಿ ಲುಜರ್ನ್ ಸೇರಬೇಕು. ಸ್ವಿಸ್ ರೈಲುಗಳಲ್ಲಿ ಆರೇಳು ನಿಮಿಷದಲ್ಲಿ ಗಾಡಿ ಬದಲಾಯಿಸುವುದು ಮಾಮೂಲು. ಅಪ್ಪ ನಂಬಲಿಲ್ಲ. ಅದರ ಮುಂದಿನ ಗಾಡಿ ಗುರುತು ಹಾಕಿಕೊಂಡರು.

ಜಗಳ ಆಗಿದ್ದು ಆಲ್ಪ್ಸ್ ದಾಟುವ ವಿಷಯಕ್ಕೆ. ಲುಜರ್ನ್‌ನಿಂದ ಇಟಲಿಗೆ ಹೋಗುವ ದಾರಿಯಲ್ಲಿ 2016ರಲ್ಲಿ ಶುರುವಾದ ಗೊಟ್‌ಹಾರ್ಡ್ ಬೇಸ್ ಸುರಂಗ ಇದೆ, 57 ಕಿಲೋಮೀಟರ್. ಜಗತ್ತಿನಲ್ಲೇ ಉದ್ದದ ರೈಲು ಸುರಂಗ. ಅಪ್ಪ ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ‘ಕತ್ತಲೆ ನೋಡೋಕೆ ಅಲ್ಲಿವರೆಗೆ ಹೋಗ್ಬೇಕಾ?’ ಅಂದರು. ಅವರು ಸಕಲೇಶಪುರದಲ್ಲಿ ಕೆಲಸ ಮಾಡಿದವರು. ಅಲ್ಲಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ 57 ಸುರಂಗ, ಇಲ್ಲಿ ಒಂದೇ ಸುರಂಗ 57 ಕಿಲೋಮೀಟರ್. ಘಾಟಿಯಲ್ಲಾದರೆ ಸುರಂಗ ಮುಗಿದ ಕೂಡಲೇ ಕಾಡು, ಹಳ್ಳ ಕಾಣುತ್ತದೆ. ಅಪ್ಪನಿಗೆ ಬೇಕಾಗಿದ್ದು 1882ರ ಹಳೇ ಗೊಟ್‌ಹಾರ್ಡ್ ದಾರಿ. ಆ ದಾರಿ ಬೆಟ್ಟದೊಳಗೆ ಸುತ್ತು ಹಾಕುತ್ತಾ ಮೇಲೇರುತ್ತದೆ. ವಾಸೆನ್ ಅನ್ನುವ ಊರಿನ ಚರ್ಚು ಕಿಟಕಿಯಿಂದ ಮೂರು ಸಲ ಕಾಣುತ್ತದೆ, ಮೂರು ಎತ್ತರದಿಂದ. ಈಗಲೂ ಅಲ್ಲಿ ಟ್ರೆನೊ ಗೊಟಾರ್ಡೊ ಅನ್ನುವ ಗಾಡಿ ಓಡುತ್ತದೆ.

ಒಂದು ಗಂಟೆಯಷ್ಟು ಜಾಸ್ತಿ ಹಿಡಿಯುತ್ತದೆ, ಬೆಲಿಂಜೋನಾದಲ್ಲಿ ಗಾಡಿ ಬದಲಾಯಿಸಬೇಕು, ಮಿಲಾನ್‌ನಲ್ಲಿ ಮತ್ತೆ. ಅದೇ ದಿನ ಮೆಸ್ತ್ರೆ ಸೇರಬೇಕು. ವೆನಿಸ್‌ಗೆ ಇರುವುದೇ ಒಂದು ರಾತ್ರಿ, ಅದರಲ್ಲೂ ಒಂದು ಗಂಟೆ ಕಳೆಯುವುದಾ ಅಂತ ನಾನು ವಾದ ಮಾಡಿದೆ. ಅಮ್ಮನ ಕಡೆ ನೋಡಿದೆ. ‘ವೆನಿಸ್ ಕೇಳಿದ್ದು ನಾನು. ಚರ್ಚು ಮೂರು ಸಲ ನೋಡ್ಕೊಂಡೇ ಹೋಗೋಣ ಬಿಡು’ ಅಂದರು.

ಸಂಜೆ ಕವರಿಂಗ್ ಲೆಟರ್ ಬರೆದೆ. ಯಾವ ದಿನ ಯಾವ ಊರು, ಖರ್ಚು ಯಾರದು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯ ವಿವರ, ಅಷ್ಟೇ. ಒಂದು ಪುಟ. ಓದಿ ನೋಡಿದ ಅಪ್ಪ ಪ್ರತಿ ಪ್ರಯಾಣದ ಮುಂದೆ ಗಾಡಿ ನಂಬರು, ಹೊರಡುವ ವೇಳೆ, ತಲುಪುವ ವೇಳೆ ಸೇರಿಸಿದರು. ವೀಸಾ ಅಧಿಕಾರಿಗೆ ಇದೆಲ್ಲ ಬೇಡ ಅಂತ ನಾನು ತೆಗೆದೆ. ಕಾಫಿ ಮಾಡಿ ತರುವಷ್ಟರಲ್ಲಿ ಮತ್ತೆ ಸೇರಿಸಿದ್ದರು, ಜೊತೆಗೆ ಬಾಸೆಲ್‌ನಲ್ಲಿ ಗಾಡಿ ತಪ್ಪಿದರೆ ಹಿಡಿಯುವ ಮುಂದಿನ ಗಾಡಿಯನ್ನೂ. ಹಾಗೇ ಪ್ರಿಂಟ್ ತೆಗೆದೆ.