ಮಾರುತ್ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದ ಮೇಲೆ

ವಿಮಾನದ ಬಿಡಿಭಾಗಗಳ ವಿನ್ಯಾಸ ನನ್ನ ಕೆಲಸ. ಬೆಂಗಳೂರಿನಲ್ಲಿ ಹನ್ನೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ವಿಮಾನವೆಂದರೆ ನನಗೆ ಕಂಪ್ಯೂಟರ್ ಪರದೆ ಮೇಲೆ ಮೌಸ್‌ನಿಂದ ತಿರುಗಿಸುವ ಬೂದು ಬಣ್ಣದ ಚಿತ್ರ ಅಷ್ಟೇ ಆಗಿತ್ತು. ಅಲ್ಲಿ ಬೆರಳಷ್ಟು ಸಂದನ್ನು ದೊಡ್ಡದು ಮಾಡಿದರೆ ಕೋಣೆಯಷ್ಟಾಗುತ್ತದೆ. ಬೇಡವಾದ ಗೋಡೆಯನ್ನು ಒಂದು ಕ್ಲಿಕ್‌ನಲ್ಲಿ ಮಾಯ ಮಾಡಬಹುದು. ನಾನು ಕೆಟ್ಟಿದ್ದೇ ಅಲ್ಲಿ.

ಹೈಡ್ರಾಲಿಕ್ ಪೈಪನ್ನು ಹಿಡಿದು ನಿಲ್ಲಿಸುವ ಒಂದು ಬ್ರ್ಯಾಕೆಟ್ ಮಾಡಿದ್ದೆ. ತೂಕ ಕಡಿಮೆ, ಬಲದ ಲೆಕ್ಕ ಸರಿ, ಡ್ರಾಯಿಂಗ್‌ಗೆ ಎಲ್ಲರ ಸಹಿಯೂ ಬಿದ್ದಿತ್ತು. ಜೋಡಿಸುವ ದಿನ ಶಾಪ್ ಫ್ಲೋರ್‌ನಿಂದ ಕರೆ ಬಂತು. ಅಲ್ಲಿದ್ದ ಹಿರಿಯ ಟೆಕ್ನೀಷಿಯನ್ ಒಬ್ಬರು, ವಾಯುಸೇನೆಯಲ್ಲಿ ದುಡಿದು ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು, ಏನೂ ವಿವರಿಸದೆ, "ಸಾರ್, ಇಲ್ಲಿ ಸ್ವಲ್ಪ ಕೈ ಹಾಕಿ" ಎಂದರು. ಹಾಕಿದೆ. ಅಳತೆಯಿಟ್ಟು ಬಿಗಿ ಮಾಡುವ ಟಾರ್ಕ್ ರೆಂಚ್ ನಟ್‌ನ ತನಕ ಹೋಗುತ್ತಿತ್ತು, ತಿರುಗಲು ಮಾತ್ರ ಜಾಗವೇ ಇರಲಿಲ್ಲ. ಕೈ ಹೊರಗೆ ತೆಗೆಯುವಾಗ ಗೆಣ್ಣಿನ ಚರ್ಮ ಕಿತ್ತು ಬಂತು. ಅವರು ಬೈಯಲಿಲ್ಲ. "ಶನಿವಾರ ಬಿಡುವಿದ್ರೆ ಎಚ್‌ಎಎಲ್ ಮ್ಯೂಸಿಯಂಗೆ ಬನ್ನಿ" ಎಂದಷ್ಟೇ ಹೇಳಿದರು.

2001ರಲ್ಲಿ ಶುರುವಾದ ಆ ಮ್ಯೂಸಿಯಂ ಮುಂದೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದವನು ನಾನು. ಒಳಗೆ ಕಾಲಿಟ್ಟಿರಲಿಲ್ಲ. ಅದು ಶಾಲಾ ಮಕ್ಕಳಿಗೆ ಎಂದುಕೊಂಡಿದ್ದೆ.

ಅವರು ಸೀದಾ ಎಚ್‌ಎಫ್-24 ಮಾರುತ್ ಹತ್ತಿರ ಕರೆದುಕೊಂಡು ಹೋದರು. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡ ಯುದ್ಧವಿಮಾನ ಅದು. ಮೊದಲು ಹಾರಿದ್ದು 1961ರ ಜೂನ್ 17ರಂದು, ಹಾರಿಸಿದವರು ಸುರಂಜನ್ ದಾಸ್. ಆ ಹೆಸರು ಕೇಳಿ ಬೆಚ್ಚಿದೆ. ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ನಾನು ಎಷ್ಟೋ ಸಂಜೆ ಕಳೆದಿದ್ದೇನೆ, ಅದು ಯಾರ ಹೆಸರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮಾರುತ್‌ಗೆ ಹೆಚ್ಚು ಶಕ್ತಿ ಕೊಡುವ ಎಂಜಿನ್ ಪರೀಕ್ಷೆ ನಡೆಯುತ್ತಿದ್ದಾಗ, 1970ರ ಜನವರಿಯಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡರು. ಶಬ್ದದ ವೇಗವನ್ನು ಮೀರಿ ಹಾರಲೆಂದೇ ಮಾಡಿದ ದೇಹ ಮಾರುತ್‌ನದು. ಅದಕ್ಕೆಂದು ಯೋಚಿಸಿದ್ದ ಎಂಜಿನ್ ಸಿಗಲೇ ಇಲ್ಲ. ಸಿಕ್ಕ ಎರಡು ಆರ್ಫಿಯಸ್ 703 ಎಂಜಿನ್‌ಗಳಲ್ಲೇ ಅದು ಬಾಳಿತು, 1971ರ ಯುದ್ಧದಲ್ಲೂ ಹೋರಾಡಿತು. ಗುಂಡು ತಗುಲಿ ಒಂದು ಎಂಜಿನ್ ನಿಂತರೂ ಇನ್ನೊಂದರಲ್ಲೇ ಮರಳಿ ಬಂದ ವಿಮಾನಗಳಿದ್ದವು.

ಇಷ್ಟನ್ನು ಫಲಕ ಓದಿ, ಪುಸ್ತಕ ಓದಿ ತಿಳಿಯಬಹುದು. ಅವರು ತೋರಿಸಿದ್ದು ಬೇರೆ.

"ಬಗ್ಗಿ, ಹೊಟ್ಟೆ ಕೆಳಗೆ ನೋಡಿ" ಎಂದರು. ಅಲ್ಲಿ ಸಾಲುಸಾಲು ಪ್ಯಾನೆಲ್‌ಗಳು. ಕೆಲವು ಸ್ಕ್ರೂಗಳ ತಲೆ ಹೊಸದರಂತಿತ್ತು, ಕೆಲವದರ ಬಾಯಿ ಸವೆದು ದುಂಡಗಾಗಿತ್ತು. ಒಂದು ಪ್ಯಾನೆಲ್‌ನ ಅಂಚು ಸುತ್ತಲೂ ತುಸು ಮೇಲೆದ್ದಿತ್ತು. "ಮೇಲೆ ಎಷ್ಟು ಸಲ ಬಣ್ಣ ಹೊಡೆದ್ರೂ ಸ್ಕ್ರೂ ಬಾಯಿ ಸುಳ್ಳು ಹೇಳಲ್ಲ ಸಾರ್. ಇದನ್ನ ವಾರಕ್ಕೊಂದು ಸಲನಾದ್ರೂ ತೆಗೆದಿರ್ತಾರೆ. ಅದನ್ನ ವರ್ಷಕ್ಕೊಂದು ಸಲ." ಆಮೇಲೆ ಚಕ್ರ ಮಡಚಿಕೊಳ್ಳುವ ಗೂಡಿನತ್ತ ಕೈ ತೋರಿಸಿ, ಯಾವ ಪೈಪ್ ಯಾವುದರ ಹಿಂದೆ ಹೋಗುತ್ತದೆ, ಯಾವುದನ್ನು ಬಿಚ್ಚಲು ಮೊದಲು ಇನ್ಯಾವುದನ್ನು ಬಿಚ್ಚಬೇಕು ಎಂದು ಹೇಳುತ್ತಾ ಹೋದರು. ಚಿಕ್ಕ ವಯಸ್ಸಿನಲ್ಲಿ ಅವರು ಮಾರುತ್ ಮೇಲೇ ಕೆಲಸ ಮಾಡಿದ್ದರಂತೆ. ರಾತ್ರಿ ಪಾಳಿ, ರಾಜಸ್ಥಾನದ ಚಳಿ, ಕೈಗವಸು ಹಾಕಿಕೊಂಡರೆ ನಟ್ ಸಿಗುವುದಿಲ್ಲ, ತೆಗೆದರೆ ಲೋಹ ಸುಡುವಷ್ಟು ತಣ್ಣಗಿರುತ್ತದೆ.

ನನ್ನ ಬ್ರ್ಯಾಕೆಟ್‌ನಲ್ಲಿ ಏನು ಇರಲಿಲ್ಲವೆಂದು ಆಗ ಅರ್ಥವಾಯಿತು. ಅದರ ಲೆಕ್ಕದಲ್ಲಿ ಬಲ, ತೂಕ, ಕಂಪನ ಎಲ್ಲ ಇದ್ದವು. ಇಪ್ಪತ್ತು ವರ್ಷ ಅದನ್ನು ಬಿಚ್ಚಿ ಕಟ್ಟುವವನ ಕೈ ಇರಲಿಲ್ಲ.

ಅಲ್ಲಿಂದ ಮುಂದೆ ರಜೆಯಲ್ಲಿ ಎಲ್ಲಿಗೆ ಹೋದರೂ ಆ ಊರಿನ ವಿಮಾನ ಮ್ಯೂಸಿಯಂ ಹುಡುಕುತ್ತೇನೆ. ಗೋವಾದ ದಾಬೋಳಿಮ್ ಬಳಿಯ ನೌಕಾ ವಾಯುಯಾನ ಮ್ಯೂಸಿಯಂನಲ್ಲಿ ಸೀ ಹಾಕ್, ಅಲೀಝೆ ವಿಮಾನಗಳಿವೆ. ಎರಡೂ ಹಳೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್ ಮೇಲಿಂದ ಹಾರಿದಂಥವು. ಹಡಗಿನಲ್ಲಿ ಜಾಗ ಕಡಿಮೆ ಎಂದು ರೆಕ್ಕೆ ಮಡಚುವ ವ್ಯವಸ್ಥೆ ಇರುತ್ತದೆ. ಹಾರುವಾಗಿನ ಭಾರವನ್ನೆಲ್ಲ ಹೊರಬೇಕಾದ ರೆಕ್ಕೆಯನ್ನು ನಡುವೆ ಕಡಿದು ಕೀಲು ಹಾಕುವುದು, ಆ ಕೀಲಿನ ಮೇಲೆ ಪೈಪು, ತಂತಿಗಳನ್ನು ದಾಟಿಸುವುದು ಎಂಥ ಕಷ್ಟದ ಕೆಲಸವೆಂದು ನನ್ನ ವೃತ್ತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಪ್ಪುಗಾಳಿಗೆ ಯಾವ ಮೂಲೆ ಮೊದಲು ತುಕ್ಕು ಹಿಡಿಯುತ್ತದೆ ಎನ್ನುವುದನ್ನೂ ಬಯಲಲ್ಲಿ ನಿಂತ ಆ ವಿಮಾನಗಳೇ ತೋರಿಸುತ್ತವೆ: ನೀರು ನಿಂತು ಹರಿಯಲು ದಾರಿಯಿಲ್ಲದ ಮೂಲೆ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ದೆಹಲಿಯ ಪಾಲಂನಲ್ಲಿರುವ ವಾಯುಸೇನಾ ಮ್ಯೂಸಿಯಂನ ಬಿ-24 ಲಿಬರೇಟರ್. ನಾಲ್ಕು ಎಂಜಿನ್‌ಗಳ ದೊಡ್ಡ ಬಾಂಬರ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಥವನ್ನು ಮತ್ತೆ ಹಾರದಂತೆ ಹಾಳುಗೆಡವಿ ಕಾನ್ಪುರದಲ್ಲಿ ಬಿಟ್ಟು ಹೋಗಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಾದಾಗ ನಮ್ಮ ಎಚ್‌ಎಎಲ್‌ನವರು ಆ ರಾಶಿಯನ್ನು ಜಾಲಾಡಿ, ಒಂದರ ಭಾಗವನ್ನು ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾತ್ರ ಸರಿಪಡಿಸಿದರು. ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ 40ಕ್ಕೂ ಹೆಚ್ಚು ವಿಮಾನಗಳು ಮರುಜೀವ ಪಡೆದು 1968ರವರೆಗೆ ಸೇವೆಯಲ್ಲಿದ್ದವು. ಇಂದು ಲಂಡನ್ನಿನ ಆರ್‌ಎಎಫ್ (ಬ್ರಿಟಿಷ್ ವಾಯುಸೇನೆ) ಮ್ಯೂಸಿಯಂನಲ್ಲಿ, ಅಮೆರಿಕದ ಪೀಮಾ ವಿಮಾನ ಮ್ಯೂಸಿಯಂನಲ್ಲಿ, ಕೆನಡಾದ ಒಟ್ಟಾವಾದಲ್ಲಿ ನಿಂತಿರುವ ಲಿಬರೇಟರ್‌ಗಳು ನಮ್ಮ ವಾಯುಸೇನೆಯಿಂದಲೇ ಹೋದವು. ಬೆಂಗಳೂರಿನ ಫಿಟ್ಟರ್‌ಗಳ ಕೈ ಆಡಿದ ವಿಮಾನಗಳು ಎಂದು ಅದರ ಮುಂದೆ ನಿಂತಾಗ ನನ್ನ ಗಂಟಲು ಕಟ್ಟಿತು.

ಈಗ ನಮ್ಮ ತಂಡಕ್ಕೆ ಹೊಸಬರು ಸೇರಿದರೆ ಮೊದಲ ತಿಂಗಳಲ್ಲೇ ಎಚ್‌ಎಎಲ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ಕಾಕ್‌ಪಿಟ್ ಮುಂದೆ ಫೋಟೊ ಆಮೇಲೆ, ಮೊದಲು ಚಕ್ರದ ಗೂಡು. ಕಚೇರಿಯಲ್ಲೂ ಒಂದು ಅಭ್ಯಾಸ ಬೆಳೆದಿದೆ: ಕೈ ಹೋಗುವುದೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ರಟ್ಟು ಕತ್ತರಿಸಿ ನಿಜ ಅಳತೆಯಲ್ಲಿ ಮಾಡಿ ಮೇಜಿನ ಮೇಲಿಡುತ್ತೇವೆ. ಸಾಧ್ಯವಾದರೆ ಜೋಡಿಸುವವರನ್ನೇ ಕರೆದು ಅವರ ಕೈಗೆ ಸ್ಪ್ಯಾನರ್ ಕೊಡುತ್ತೇವೆ.

ಕಳೆದ ಸಲ ಬಂದ ಹುಡುಗಿ ಮಾರುತ್ ಪಕ್ಕ ಕುಕ್ಕರುಗಾಲಲ್ಲಿ ಕೂತು ತುಂಬಾ ಹೊತ್ತು ಒಳಗೆ ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಸಾರ್, ಆ ಹಿಂದಿನ ಪೈಪನ್ನ ಯಾವ ಕೈಯಲ್ಲಿ ಬಿಚ್ತಾರೆ?"

ನನಗೆ ಗೊತ್ತಿರಲಿಲ್ಲ. ಫೋಟೊ ತೆಗೆದು, ಈಗ ಊರಿಗೆ ಹೋಗಿ ನೆಲೆಸಿರುವ ನಮ್ಮ ಆ ಹಿರಿಯರಿಗೆ ಕಳಿಸಿದೆ. ರಾತ್ರಿ ಉತ್ತರ ಬಂತು: "ಬಲಗೈ. ಎಡಗೈಯಲ್ಲಿ ಕನ್ನಡಿ ಹಿಡಿದಿರ್ಬೇಕು. ಆ ಹುಡುಗೀಗೆ ಫೋನ್ ಮಾಡೋಕೆ ಹೇಳಿ."