ಮುಂಡಗೋಡದ ವಾದದಂಗಳದಲ್ಲಿ

ಶಿರಸಿಯಿಂದ ಮುಂಡಗೋಡಕ್ಕೆ ಸುಮಾರು ಐವತ್ತು ಕಿಲೋಮೀಟರ್. ಇಷ್ಟು ಹತ್ತಿರದಲ್ಲಿದ್ದರೂ ನಾನು ಸಮಾಜಶಾಸ್ತ್ರ ಕಲಿಸುವ ಬಿ.ಎ. ಎರಡನೆಯ ವರ್ಷದ ತರಗತಿಯ ಹೆಚ್ಚಿನವರಿಗೆ ಟಿಬೆಟನ್ನರೆಂದರೆ ಚಳಿಗಾಲದಲ್ಲಿ ಸ್ವೆಟರ್ ಮಾರುವವರು, ಅಷ್ಟೇ. ಸಾಂಸ್ಕೃತಿಕ ವೈವಿಧ್ಯದ ಬಗೆಗಿನ ಐದು ಅಂಕದ ಉತ್ತರವನ್ನು ಮಾತ್ರ ಅವರೆಲ್ಲ ಸೊಗಸಾಗಿ ಬರೆಯುತ್ತಾರೆ. ಆ ಉತ್ತರದ ಮೇಲೆ ನನಗೆ ನಂಬಿಕೆ ಕಡಿಮೆಯಾದ್ದರಿಂದ ಈ ವರ್ಷದ ಕ್ಷೇತ್ರಭೇಟಿಗೆ ಮುಂಡಗೋಡದ ಟಿಬೆಟನ್ ಕ್ಯಾಂಪನ್ನೇ ಆರಿಸಿದೆ.

ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಅಂದಿನ ಮೈಸೂರು ಸರ್ಕಾರ ಕೊಟ್ಟ ಅರಣ್ಯಭೂಮಿಯಲ್ಲಿ ಆರಂಭವಾದ ವಸಾಹತು ಇದು. ಲ್ಹಾಸಾದ ಆಸುಪಾಸಿನಲ್ಲಿ 1409ರಲ್ಲಿ ಹುಟ್ಟಿದ ಗಾಂದೆನ್ ಮತ್ತು 1416ರ ದ್ರೆಪುಂಗ್ ಮಠಗಳು ಇಲ್ಲಿ ಮತ್ತೆ ನೆಲೆ ಕಂಡುಕೊಂಡಿವೆ. ವಿದ್ಯಾರ್ಥಿಗಳು ದೇವಸ್ಥಾನ ನೋಡುವ ಹುಮ್ಮಸ್ಸಿನಲ್ಲಿ ಮೊಬೈಲ್ ಹಿಡಿದು ಇಳಿದರು. ಆದರೆ ಇವು ಮೊದಲಿನಿಂದಲೂ ವಿದ್ಯಾಪೀಠಗಳು. ಲಡಾಖ್, ಅರುಣಾಚಲ, ಮಂಗೋಲಿಯಾಗಳಿಂದಲೂ ಹುಡುಗರು ಬಂದು, ಬೌದ್ಧ ದರ್ಶನದ ಉನ್ನತ ಪದವಿಯಾದ ಗೆಶೆಗಾಗಿ ಇಪ್ಪತ್ತು ವರ್ಷದವರೆಗೂ ಓದುತ್ತಾರೆ. ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ನೆರವಿನಿಂದ ಈಗ ಭೌತಶಾಸ್ತ್ರ, ಜೀವಶಾಸ್ತ್ರಗಳೂ ಅವರ ಪಠ್ಯದಲ್ಲಿ ಸೇರಿವೆ.

ಸಂಜೆ ಅಂಗಳದಲ್ಲಿ, ಅವರ ಓದಿನ ಭಾಗವೇ ಆದ ವಾದ ಆರಂಭವಾಯಿತು. ಒಬ್ಬ ಭಿಕ್ಷು ಕುಳಿತಿರುತ್ತಾನೆ. ಎದುರು ನಿಂತವನು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಜೋರಾಗಿ ಚಪ್ಪಾಳೆ ತಟ್ಟುತ್ತಾನೆ. ಜಗಳವಾಗುತ್ತಿದೆಯೆಂದು ನಮ್ಮ ಕೆಲವರು ಹಿಂದೆ ಸರಿದರು. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ, ಊರಲ್ಲಿ ಪಾತ್ರದ ಮಾತು, ಅಂದರೆ ಅರ್ಥ, ಹೇಳುವ ಹುಡುಗನೊಬ್ಬ ಮಾತ್ರ ಮುಂದೆ ಹೋಗಿ ಕುಳಿತ. ಭಾಷೆ ತಿಳಿಯದಿದ್ದರೂ, ಯಾರ ಮಾತು ಸೋಲುತ್ತಿದೆಯೆಂಬುದು ಮುಖ ನೋಡಿದರೆ ಗೊತ್ತಾಗುತ್ತದೆಂದು ಅವನ ವಾದ. ವಾದ ಮುಗಿದ ಮೇಲೆ ಅವನೇ ಹೋಗಿ ಒಬ್ಬ ತರುಣ ಭಿಕ್ಷುವನ್ನು ಮಾತಿಗೆಳೆದ. ತಾಳಮದ್ದಲೆಯಲ್ಲಿ ಎಷ್ಟು ವಾದಿಸಿದರೂ ಪ್ರಸಂಗದ ಕಥೆಯಂತೆ ಸೋಲಬೇಕಾದವನು ಸೋಲಲೇಬೇಕು ಎಂದು ವಿವರಿಸಿದಾಗ, ಭಿಕ್ಷು ಬಹಳ ಹೊತ್ತು ನಕ್ಕು, ಹಾಗಾದರೆ ಅಷ್ಟು ಶ್ರಮ ಯಾಕೆಂದು ಕೇಳಿದರು. ಆ ಭಿಕ್ಷುವಿನ ಕನ್ನಡ ಅಚ್ಚ ಮುಂಡಗೋಡದ ಕನ್ನಡ.

ಪಕ್ಕದಲ್ಲಿ ನಿಂತಿದ್ದ ಯಲ್ಲಾಪುರದ ಸಿದ್ದಿ ಹುಡುಗಿಯನ್ನು ಅವರು ಊರು ಕೇಳಿದರು. “ಯಲ್ಲಾಪುರ. ಅದಕ್ಕೂ ಮೊದಲು ಎಲ್ಲಿಯವರು ಅಂತ ನೀವೂ ಕೇಳ್ತೀರಾ?” ಎಂದಳು. “ಕೇಳೋದಿಲ್ಲ ತಂಗಿ, ನನ್ನನ್ನೂ ಹಾಗೇ ಕೇಳ್ತಾರೆ. ನಾನು ಹುಟ್ಟಿದ್ದು ಹುಬ್ಬಳ್ಳಿ ಆಸ್ಪತ್ರೆಯಲ್ಲಿ” ಎಂದರು. ಅವರು ಕೇಳದೆ ಬಿಟ್ಟಿದ್ದಕ್ಕೋ ಏನೋ, ಅವಳೇ ಹೇಳತೊಡಗಿದಳು: ಆಫ್ರಿಕದಿಂದ ಪೂರ್ವಜರನ್ನು ಗುಲಾಮರನ್ನಾಗಿ ತಂದದ್ದು, ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ದು, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದದ್ದು, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳ ಸಿದ್ದಿಗಳಿರುವುದು. ಎರಡು ವರ್ಷ ಅವಳ ಜೊತೆ ಒಂದೇ ಬೆಂಚಿನಲ್ಲಿ ಕುಳಿತ ಗೆಳತಿಯರು ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದರು. ಪರೀಕ್ಷೆಗೆಂದು ಸಿದ್ದಿಗಳ ಮೇಲೆ ಟಿಪ್ಪಣಿ ಬರೆದುಕೊಂಡವರೇ ಅವರು.

ಕ್ಷೇತ್ರಭೇಟಿಯ ವರದಿಗಳಲ್ಲಿ ಉಡುಗೆ, ಆಹಾರ, ಹಬ್ಬ ಎಂಬ ಶೀರ್ಷಿಕೆಗಳಿರುವುದು ವಾಡಿಕೆ. ಅವನ್ನು ತುಂಬಲು ಯಾರೂ ಯಾರೊಂದಿಗೂ ಮಾತನಾಡಬೇಕಾಗಿಲ್ಲ. ಅವನ್ನೆಲ್ಲ ತೆಗೆದು, ಅಲ್ಲಿಯವರು ನಿಮ್ಮನ್ನು ಕೇಳಿದ ಪ್ರಶ್ನೆಗಳಲ್ಲಿ ಉತ್ತರಿಸಲಾಗದ್ದನ್ನು ಬರೆಯಿರಿ ಎಂದೆ. ಹಲವರ ಹಾಳೆ ಎರಡು ಸಾಲಿಗೇ ನಿಂತಿತು. ಒಬ್ಬಳು ಮಾತ್ರ ಭಿಕ್ಷುವಿನ ಪ್ರಶ್ನೆಯನ್ನು ಹಾಗೆಯೇ ಬರೆದುಕೊಂಡು ಬಂದಿದ್ದಳು: “ನಿಮ್ಮ ಕಾಲೇಜಿನಲ್ಲಿ ಗುರುಗಳ ಮಾತನ್ನು ಒಪ್ಪದೆ ವಾದಿಸಲು ಯಾವ ಗಂಟೆ ಇದೆ?” ಈ ಸೆಮಿಸ್ಟರಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡನ್ನು ಅದಕ್ಕೆ ಬಿಟ್ಟಿದ್ದೇನೆ. ಮೊದಲ ವಾದಕ್ಕೆ ತಾಳಮದ್ದಲೆಯ ಹುಡುಗ ಹೆಸರು ಕೊಟ್ಟಿದ್ದಾನೆ. ಎದುರು ಕುಳಿತುಕೊಳ್ಳಬೇಕಾದವನು ನಾನು.